ವಿದುರಾಶ್ವತ್ಥದಲ್ಲಿ ಮಕ್ಕಳೊಡನೆ

ಒಂದು ಊರಿನ ದೇವರಿಗೆ ಹತ್ತು ಸಲ ಹೋಗಿ ಬಂದವರಿಗೂ ಆ ಊರಿನ ಚರಿತ್ರೆ ಗೊತ್ತಿರುತ್ತದೆಂದು ಹೇಳಲಾಗದು. ನಮ್ಮ ಗೌರಿಬಿದನೂರು ಸೀಮೆಯ ಹೆಣ್ಣುಮಕ್ಕಳಿಗೆ ವಿದುರಾಶ್ವತ್ಥವೆಂದರೆ ಮೊದಲು ನೆನಪಾಗುವುದು ನಾಗಪ್ರತಿಷ್ಠೆ. ಮದುವೆಯಾಗಿ ಎರಡು ವರ್ಷ ಕಳೆದರೂ ಸೊಸೆಯ ಮಡಿಲು ತುಂಬದಿದ್ದರೆ ಮನೆಯ ಹಿರಿಯರು ಹರಕೆ ಹೊರುವುದು ಅಲ್ಲಿಯ ಅಶ್ವತ್ಥಕಟ್ಟೆಗೆ. ಮಹಾಭಾರತದ ವಿದುರ ನೆಟ್ಟ ಮರವದು ಎಂಬುದು ಸ್ಥಳದ ಕಥೆ. ಆ ಹಳೆಯ ಮರ 2001ರಲ್ಲಿ ಉರುಳಿತು. ಹರಕೆಯ ನಾಗರಕಲ್ಲುಗಳು ಮಾತ್ರ ಸಾಲುಸಾಲಾಗಿ ಹಾಗೆಯೇ ನಿಂತಿವೆ. ಗಡಿಯಾಚೆಯ ಹಿಂದೂಪುರದ ಕಡೆಯಿಂದಲೂ ಜನ ಬರುವುದರಿಂದ ಅಲ್ಲಿ ಕನ್ನಡದ ಜೊತೆಗೆ ತೆಲುಗೂ ಧಾರಾಳವಾಗಿ ಕಿವಿಗೆ ಬೀಳುತ್ತದೆ.

ಹೋದ ಬೇಸಿಗೆಯಲ್ಲಿ ನನ್ನ ತಮ್ಮನ ಮಕ್ಕಳಿಬ್ಬರು ರಜೆಗೆಂದು ನಮ್ಮಲ್ಲಿಗೆ ಬಂದರು. ಹುಡುಗಿಗೆ 16, ಹುಡುಗನಿಗೆ 14. ಅದರ ಹಿಂದಿನ ವರ್ಷ ಅಪ್ಪ ಅಮ್ಮನ ಜೊತೆ ರೋಮ್ ನಗರ ನೋಡಿ ಬಂದವರು. "ಅಲ್ಲಿ ಯಾವ ಬೀದಿಗೆ ತಿರುಗಿದರೂ ಹಿಸ್ಟರಿ ಅತ್ತೆ, ಇಲ್ಲೇನಿದೆ?" ಎಂದಳು ಹುಡುಗಿ, ಹಲಸಿನ ತೊಳೆ ಬಿಡಿಸುತ್ತಾ. ಈ ವಯಸ್ಸಿನವರೊಡನೆ ಬಾಯಿಮಾತಿನಲ್ಲಿ ಗೆಲ್ಲುವುದುಂಟೇ? ಮರುದಿನ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಇಬ್ಬರನ್ನೂ ವಿದುರಾಶ್ವತ್ಥಕ್ಕೆ ಹೊರಡಿಸಿದೆ.

ದೇವರ ದರ್ಶನವಾದ ಮೇಲೆ ಹುತಾತ್ಮರ ಸ್ಮಾರಕದ ಬಳಿ ಕೂತು ನನಗೆ ತಿಳಿದದ್ದನ್ನು ಹೇಳಿದೆ. 1938ರ ಏಪ್ರಿಲ್. ಆಗ ಇದು ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆ. ಕಾಂಗ್ರೆಸ್ಸಿನ ತ್ರಿವರ್ಣ ಧ್ವಜವನ್ನು ಸಂಸ್ಥಾನದಲ್ಲಿ ಹಾರಿಸಲು ಸರ್ಕಾರದ ಅಡ್ಡಿಯಿತ್ತು. ಮದ್ದೂರಿನ ಹತ್ತಿರ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಜನ ನಿಷೇಧವನ್ನು ಮುರಿದು ಧ್ವಜ ಏರಿಸಿದರು. ಆ ಕಾವು ಊರೂರಿಗೆ ಹಬ್ಬಿತು. ಎರಡು ವಾರದಲ್ಲಿ, ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಸುತ್ತಲ ಹಳ್ಳಿಗಳ ಜನ ಸಭೆ ಸೇರಿದರು. ಅವರ ಮೇಲೆ ಪೊಲೀಸರು ಗುಂಡು ಹಾರಿಸಿದರು.

"ಬ್ರಿಟಿಷ್ ಪೊಲೀಸರಾ ಅತ್ತೆ?" ಎಂದ ಹುಡುಗ.

ಅಲ್ಲ. ಮೈಸೂರಿನ ಪೊಲೀಸರು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಹಳ್ಳಿಗಳಿಗೆ ವಿದ್ಯುತ್ತು, ಹೆಣ್ಣುಮಕ್ಕಳಿಗೆ ಶಾಲೆ ತಂದ ಮಾದರಿ ಸಂಸ್ಥಾನವೆಂದು ನಾವು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುವ ಅದೇ ಸರ್ಕಾರ. ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ. ಒಳ್ಳೆಯ ದೊರೆ, ಕೆಟ್ಟ ದೊರೆ ಎಂದು ಎರಡು ಸಾಲಿನಲ್ಲಿ ನಿಲ್ಲಿಸಿ ಕಲಿತ ಮಕ್ಕಳಿಗೆ ಇದು ಬಾಯಿಪಾಠದಷ್ಟು ಸುಲಭವಲ್ಲ. ನಮಗೂ ಅಲ್ಲ.

ಹುಡುಗಿ ಕೇಳಿದ್ದು ಬೇರೆ. "ಎಷ್ಟು ಜನ ಸತ್ತರು?" 32 ಮಂದಿ ಎಂಬುದು ನಮ್ಮ ಕಡೆಯ ಜನರ ಬಾಯಲ್ಲಿ ಉಳಿದಿರುವ ಲೆಕ್ಕ. ಸರ್ಕಾರ ಅಂದು ಒಪ್ಪಿದ್ದು ಅದಕ್ಕಿಂತ ಬಹಳ ಕಡಿಮೆ. "ಸತ್ತವರ ಲೆಕ್ಕದಲ್ಲೂ ವ್ಯತ್ಯಾಸವೇ?" ಎಂದು ಅವಳಿಗೆ ಸಿಟ್ಟು. 1919ರ ಏಪ್ರಿಲ್ 13ರ ಜಲಿಯನ್‌ವಾಲಾ ಬಾಗಿನ ಕಥೆಯೂ ಅಷ್ಟೇ ಎಂದೆ. ಸರ್ಕಾರ 379 ಎಂದಿತು, ಕಾಂಗ್ರೆಸ್ಸಿನವರು ಸಾವಿರದ ಹತ್ತಿರವೆಂದರು. ವಿದುರಾಶ್ವತ್ಥವನ್ನು ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಕರೆಯುವುದು ಗುಂಡಿನ ಕಾರಣಕ್ಕಾದರೂ, ಈ ಲೆಕ್ಕದ ಜಗಳದಲ್ಲೂ ಎರಡಕ್ಕೂ ಹೋಲಿಕೆಯಿದೆ. ಮಡಿದವರಲ್ಲಿ ಗೌರಮ್ಮನೆಂಬ ಹೆಂಗಸೂ ಇದ್ದಳು, ಅವಳು ಬಸುರಿಯಾಗಿದ್ದಳು ಎಂದು ಈ ಕಡೆಯವರು ಹೇಳುತ್ತಾರೆ. ಅದನ್ನು ಕೇಳಿದ ಹುಡುಗಿ ಮತ್ತೆ ರೋಮ್ ಮಾತೆತ್ತಲಿಲ್ಲ.

ಆ ಸಾವುಗಳು ವ್ಯರ್ಥವಾಗಲಿಲ್ಲ. ಗೋಲೀಬಾರಿನ ಸುದ್ದಿ ದೇಶಕ್ಕೆಲ್ಲ ಹರಡಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರು ಸಂಸ್ಥಾನಕ್ಕೆ ಬಂದು ದಿವಾನರೊಡನೆ ಮಾತುಕತೆ ನಡೆಸಿದರು. ಮಿರ್ಜಾ–ಪಟೇಲ್ ಒಪ್ಪಂದವಾಯಿತು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದಾಯಿತು. ಆದರೆ ಜನರೇ ಆರಿಸಿದವರ ಕೈಗೆ ಆಡಳಿತ ಬರಲು 1947ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನವರು 'ಮೈಸೂರು ಚಲೋ' ಎಂದು ಮತ್ತೊಮ್ಮೆ ಬೀದಿಗಿಳಿಯಬೇಕಾಯಿತು. ಮೊದಲ ಮುಖ್ಯಮಂತ್ರಿಯಾದ ಕೆ. ಸಿ. ರೆಡ್ಡಿಯವರು ನಮ್ಮ ಕೋಲಾರ ಜಿಲ್ಲೆಯವರೇ.

ಮಕ್ಕಳಿಗೆ ದೂರದ ಊರು ತೋರಿಸಬಾರದೆಂದು ನಾನು ಹೇಳುತ್ತಿಲ್ಲ. ಅನುಕೂಲವಿದ್ದವರು ರೋಮ್ ನಗರವನ್ನೂ ತೋರಿಸಲಿ. ಆದರೆ ಅಲ್ಲಿ ನೋಡಿ ಬೆರಗಾಗುವುದಷ್ಟೇ ನಮ್ಮ ಪಾಲಿಗೆ. ಇಲ್ಲಿ ಅಜ್ಜ ಅಜ್ಜಿಯರ ವಾರಿಗೆಯವರೇ ನಿಂತು ಗುಂಡಿಗೆ ಎದೆಯೊಡ್ಡಿದ್ದಾರೆ, ಯಾವ ಮನೆಯಿಂದ ಯಾರು ಹೋದರೆಂದು ಹೇಳಬಲ್ಲ ಹಿರಿಯರ ಮಾತುಗಳು ಒಂದೊಂದಾಗಿ ಕಳೆದುಹೋಗುತ್ತಿವೆ. ಸಂತಾನ ಬೇಡಲು ಹೋಗುವ ಕಟ್ಟೆಯ ಮಗ್ಗುಲಲ್ಲೇ ಎಷ್ಟೋ ತಾಯಂದಿರ ಮಕ್ಕಳು ಮಡಿದ ನೆಲವಿದೆ. ಇನ್ನೊಮ್ಮೆ ನಾಗಪ್ಪನಿಗೆ ಹಾಲೆರೆಯಲು ಹೋದಾಗ ಆ ಕಡೆಗೂ ನಾಲ್ಕು ಹೆಜ್ಜೆ ಹಾಕಿ. ಜೊತೆಯಲ್ಲಿರುವ ಮಕ್ಕಳಿಗೆ ಅಂದಿನ ಕಥೆಯನ್ನು ಹೇಳಿ. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸ ನಮ್ಮದೂ ಹೌದು.