ಪುರುಷರ ಸಂತಾನಶಕ್ತಿಯ ಪರೀಕ್ಷೆ: ರಾಮಾಪುರದ ಸೀಮೆಯನ್ನು ಕುರಿತು ಒಂದು ಐತಿಹಾಸಿಕ ವಿಚಾರ

ಹನೂರಿನ ಆಚೆ, ಮಲೆಯ ಮಹದೇಶ್ವರನ ಬೆಟ್ಟಸಾಲಿಗೆ ಹೊಂದಿಕೊಂಡಿರುವ ರಾಮಾಪುರದ ಸೀಮೆ ದೇವರಗುಡ್ಡರ ಸೀಮೆ. ಅವರು ಕಂಸಾಳೆ ಹಿಡಿದು ಹಾಡುವ ಕಾವ್ಯದಲ್ಲಿ ಸಂಕಮ್ಮನ ಸಾಲು ಎಂಬ ಭಾಗವೊಂದಿದೆ. ಸಂಕಮ್ಮನಿಗೆ ಮಕ್ಕಳಿಲ್ಲ. ಕಾಡಿಗೆ ಹೊರಟ ಗಂಡ ನೀಲೇಗೌಡನು ಆಕೆಯ ಶೀಲದ ವಿಷಯದಲ್ಲಿ ಭಾಷೆ ಕೇಳುತ್ತಾನೆ, ಕೊಡಲೊಪ್ಪದವಳನ್ನು ಹಿಂಸಿಸುತ್ತಾನೆ. ಮಾದಪ್ಪನ ವರದಿಂದ ಆಕೆಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳಾಗುತ್ತಾರೆ. ಕಥೆಯ ಧಾರ್ಮಿಕ ಅರ್ಥ ಇಲ್ಲಿ ಪ್ರಸ್ತುತವಲ್ಲ. ಇತಿಹಾಸದ ವಿದ್ಯಾರ್ಥಿ ಗಮನಿಸತಕ್ಕದ್ದು ಪರೀಕ್ಷೆಯ ಬಾಧೆಯೆಲ್ಲವೂ ಹೆಂಡತಿಯ ಪಾಲಿಗೆ ಬಂದಿತೆಂಬುದನ್ನು. ನಮ್ಮ ಆಡುಮಾತೂ ಇದಕ್ಕೆ ಅನುಗುಣವಾಗಿದೆ. ಬಂಜೆ ಎಂಬ ಪದಕ್ಕೆ ಸರಿಸಮನಾಗಿ ಗಂಡಸಿಗೆ ಸಲ್ಲುವ ಪದ ಬಳಕೆಯಲ್ಲಿಲ್ಲ. ಷಂಡ ಎಂಬುದು ಬೇರೆಯೇ ಕೊರತೆಯನ್ನು ಹೇಳುವ ಮಾತು.

ಶಾಸ್ತ್ರಕ್ಕೆ ಈ ವಿಷಯ ತಿಳಿದಿರಲಿಲ್ಲವೆಂದಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಶುಕ್ರದೋಷಗಳ ವಿವೇಚನೆಯಿದೆ. ಪಶ್ಚಿಮದಲ್ಲಿ 1677ರಲ್ಲಿ ಹಾಲೆಂಡಿನ ಲೇವನ್‌ಹುಕ್ ಸೂಕ್ಷ್ಮದರ್ಶಕದ ಮೂಲಕ ವೀರ್ಯಾಣುಗಳನ್ನು ಕಂಡನು. ಅವುಗಳ ಎಣಿಕೆಯನ್ನು ಸಂತಾನಯೋಗ್ಯತೆಯೊಡನೆ ಹೋಲಿಸಿ ನೋಡಿದ ಮೊದಲ ಪ್ರಯತ್ನಗಳಲ್ಲಿ 1929ರಲ್ಲಿ ಅಮೆರಿಕದ ಮ್ಯಾಕಂಬರ್ ಮತ್ತು ಸಾಂಡರ್ಸ್ ಪ್ರಕಟಿಸಿದ ಲೇಖನ ಪ್ರಸಿದ್ಧವಾದುದು. ಇದಕ್ಕೆ ಬೇಕಾದ ಉಪಕರಣ ಹೊಸದೇನೂ ಅಲ್ಲ: ಒಂದು ಸೂಕ್ಷ್ಮದರ್ಶಕ, ರಕ್ತಕಣಗಳನ್ನೆಣಿಸಲು ಆಗಲೇ ಬಳಕೆಯಲ್ಲಿದ್ದ ಗೆರೆ ಕೊರೆದ ಗಾಜು, ಮತ್ತು ಎಣಿಸಬಲ್ಲ ಒಬ್ಬ ಮನುಷ್ಯ.

ಆ ಲೇಖನ ಪ್ರಕಟವಾದ ಮರುವರ್ಷವೇ, 1930ರಲ್ಲಿ, ಮೈಸೂರು ಸರಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರಕಾರವೊಂದು ಈ ಕಾರ್ಯಕ್ಕೆ ಕೈಹಾಕಿದ್ದು ಲೋಕದಲ್ಲೇ ಮೊದಲೆಂದು ಎಣಿಕೆ. ರಾಮಾಪುರವು ಆಗ ಮೈಸೂರಿನದಾಗಿರಲಿಲ್ಲ. ಕೊಳ್ಳೇಗಾಲದ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; 1956ರ ನವೆಂಬರಿನಲ್ಲಷ್ಟೇ ಅದು ಮೈಸೂರು ರಾಜ್ಯಕ್ಕೆ ಬಂದಿತು. ಆ ವೇಳೆಗೆ, 1952ರಿಂದ, ಕುಟುಂಬಯೋಜನೆ ಇಡೀ ದೇಶದ ಕಾರ್ಯಕ್ರಮವಾಗಿತ್ತು.

ಇಲ್ಲೊಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾಗದು. ಗಂಡಸಿಗೆ ಸಂತಾನಹರಣದ ಶಸ್ತ್ರಕ್ರಿಯೆಯಾದ ಮೇಲೆ ವೀರ್ಯದಲ್ಲಿ ಅಣುಗಳು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಲು ಸುಮಾರು ಮೂರು ತಿಂಗಳ ಬಳಿಕ ವೀರ್ಯಪರೀಕ್ಷೆ ಮಾಡಬೇಕೆಂಬುದು ವಿಧಿ. ಅಣುಗಳು ಇಲ್ಲವೆಂದು ಕಾಣುವ ಅದೇ ಕಣ್ಣು, ಅದೇ ಯಂತ್ರದಿಂದ, ಅವು ಇವೆಯೇ ಎಂದೂ ಹೇಳಬಲ್ಲದು. ಮಲೇರಿಯಾ ನಿವಾರಣೆಗಾಗಿ ನೆತ್ತರಿನ ಲೇಪವನ್ನೂ ಕ್ಷಯಕ್ಕಾಗಿ ಕಫವನ್ನೂ ನೋಡಲು ಸೂಕ್ಷ್ಮದರ್ಶಕವು ಹಳ್ಳಿಯ ಆರೋಗ್ಯಕೇಂದ್ರದವರೆಗೆ ಬಂದಿತು. ಮಕ್ಕಳಿಲ್ಲದವನ ಪರೀಕ್ಷೆ ಮಾತ್ರ ಬಹುಮಟ್ಟಿಗೆ ನಗರದ ಖಾಸಗಿ ಚಿಕಿತ್ಸಾಲಯದ ವ್ಯವಹಾರವಾಗಿ ಉಳಿಯಿತು. ಹೆಚ್ಚು ಮಕ್ಕಳ ಚಿಂತೆಯಲ್ಲಿ ಮುಳುಗಿದ್ದ ರಾಜ್ಯಕ್ಕೆ ಮಕ್ಕಳಿಲ್ಲದವರು ಕಣ್ಣಿಗೆ ಬೀಳಲಿಲ್ಲವೆಂದೇ ನನ್ನ ಅಭಿಪ್ರಾಯ.

ಇದರ ಪರಿಣಾಮ ಹಣದ ಲೆಕ್ಕಕ್ಕೆ ಮಾತ್ರ ಸೀಮಿತವಲ್ಲ. ದೂರದ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯು 1980ರಲ್ಲಿ ಮೊದಲ ಬಾರಿಗೆ ಹೊರತಂದು, 2021ರಲ್ಲಿ ಆರನೆಯ ಆವೃತ್ತಿಯಾಗಿ ಪರಿಷ್ಕರಿಸಿದ ಕೈಪಿಡಿಯ ಪ್ರಕಾರ, ಎರಡರಿಂದ ಏಳು ದಿನಗಳ ಸಂಯಮದ ಬಳಿಕ ಪಡೆದ ವೀರ್ಯವನ್ನು ಒಂದು ಗಂಟೆಯೊಳಗೆ ಪರೀಕ್ಷಿಸತಕ್ಕದ್ದು. ತಡವಾದರೆ ಅಣುಗಳ ಚಲನೆ ಕುಗ್ಗಿ ಫಲಿತಾಂಶ ಕೆಡುತ್ತದೆ. ರಾಮಾಪುರದಿಂದ ಹನೂರು ಈ ಅವಧಿಯಲ್ಲಿ ಮುಟ್ಟಬಹುದಾದ ದೂರ, ಮೈಸೂರು ಅಲ್ಲ. ಹೀಗಾಗಿ ಗಂಡಸು ತಾನೇ ನಗರಕ್ಕೆ ಹೋಗಬೇಕು, ಕೂಲಿ ಕಳೆದುಕೊಳ್ಳಬೇಕು, ಗುರುತಿಲ್ಲದ ಕಟ್ಟಡದಲ್ಲಿ ಹೇಳಿಕೊಳ್ಳಲಾಗದ ಕೆಲಸಕ್ಕೆ ನಿಲ್ಲಬೇಕು. ಅವನು ಹೋಗುವುದಿಲ್ಲ. ಹೆಂಡತಿ ಹೋಗುತ್ತಾಳೆ, ಔಷಧ, ಹರಕೆ, ಮತ್ತೆ ಔಷಧ. ಸಂತಾನಹೀನ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ವಿಷಯದಲ್ಲಿ ಪುರುಷನ ಕಡೆಯ ಕಾರಣವು ಪೂರ್ತಿಯಾಗಿಯೋ ಭಾಗಶಃವೋ ಇರುತ್ತದೆಂದು ವೈದ್ಯರು ಗಣಿಸುತ್ತಾರೆಂಬುದನ್ನು ನೆನೆದರೆ ಈ ಅಲೆದಾಟ ಎಷ್ಟು ವ್ಯರ್ಥವೆಂಬುದು ವಿದಿತವಾಗುತ್ತದೆ.

ಈಚೆಗೆ ದೂರದ ತೊಡಕನ್ನು ಉಪಕರಣದಿಂದಲೇ ನೀಗುವ ಯತ್ನಗಳು ನಡೆದಿವೆ. 2017ರಲ್ಲಿ ಅಮೆರಿಕದ ಸಂಶೋಧಕರು ಮೊಬೈಲ್ ದೂರವಾಣಿಗೆ ಜೋಡಿಸುವ ಅಗ್ಗದ ಸಾಧನವೊಂದನ್ನು ವರ್ಣಿಸಿದರು. ಅದರ ಸಾಮಗ್ರಿಯ ವೆಚ್ಚ ಐದು ಡಾಲರಿಗೂ ಕಡಿಮೆಯೆಂದು ಹೇಳಲಾಗಿದೆ. ಮನೆಯಲ್ಲೇ ಎಣಿಕೆಯನ್ನು ಸೂಚಿಸುವ ಪಟ್ಟಿಗಳೂ ಬಂದಿವೆ. ಇವುಗಳ ಉಪಯೋಗವನ್ನು ಅಲ್ಲಗಳೆಯಲಾಗದು. ನಾಚಿಕೆಯೇ ಮುಖ್ಯ ಅಡ್ಡಿಯಾಗಿರುವಲ್ಲಿ ಮನೆಯ ಏಕಾಂತ ದೊಡ್ಡದು. ಆದರೆ ಪಟ್ಟಿಯು ಸಂಖ್ಯೆಯನ್ನಷ್ಟೇ ಹೇಳುತ್ತದೆ, ಚಲನೆಯನ್ನಾಗಲಿ ಆಕಾರವನ್ನಾಗಲಿ ಹೇಳದು. ಸಂಖ್ಯೆಯೂ ಒಬ್ಬನಲ್ಲೇ ದಿನದಿಂದ ದಿನಕ್ಕೆ ವ್ಯತ್ಯಾಸಗೊಳ್ಳುವುದರಿಂದ ಒಂದೇ ಪರೀಕ್ಷೆಯಿಂದ ತೀರ್ಪು ಕೊಡುವುದು ಸಲ್ಲದು. ಮಿಲಿಲೀಟರಿಗೆ 1 ಕೋಟಿ 60 ಲಕ್ಷ ಎಂಬ ಕೈಪಿಡಿಯ ಕೆಳಮಿತಿ, ತಂದೆಯರಾದವರನ್ನೇ ಅಳೆದು ಕಂಡುಕೊಂಡದ್ದು. ಅದಕ್ಕಿಂತ ಕಡಿಮೆಯಿದ್ದೂ ತಂದೆಯಾದವರುಂಟು.

ಆದುದರಿಂದ ಹನೂರು, ಕೊಳ್ಳೇಗಾಲಗಳಂಥ ಊರುಗಳ ಸರಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆ ನಿತ್ಯದ ಪರೀಕ್ಷೆಗಳಲ್ಲೊಂದಾಗುವುದೇ ಹೆಚ್ಚು ಸಾಧುವೆಂದು ತೋರುತ್ತದೆ. ಅದಕ್ಕೆ ಬೇಕಾದುದು ಪ್ರಯೋಗಶಾಲೆಯವನಿಗೆ ಕೆಲವು ದಿನಗಳ ತರಬೇತಿ, ಫಲಿತಾಂಶವನ್ನು ಗುಟ್ಟಾಗಿ ತಿಳಿಸುವ ಕ್ರಮ, ಒಳಗಿನಿಂದ ಅಗುಳಿ ಹಾಕಿಕೊಳ್ಳಬಹುದಾದ ಒಂದು ಕೊಠಡಿ. ಮತ್ತು ಮಕ್ಕಳಿಲ್ಲವೆಂದು ಬಂದವಳ ಚೀಟಿಯಲ್ಲಿ ಮೊದಲ ದಿನವೇ ಗಂಡನ ಹೆಸರನ್ನೂ ಬರೆಯುವ ವೈದ್ಯರು.