ಪಿಂಗಾಣಿಯಿಂದ ರಬ್ಬರಿಗೆ: ಒಂದು ಮುಪ್ಪಿನ ಚರಿತ್ರೆ

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳನ್ನು ತಲುಪಿತು. ತಂತಿಯಲ್ಲಿದ್ದದ್ದು 35,000 ವೋಲ್ಟ್. ಈ ಕಥೆ ಹೇಳುವಾಗ ನಾವು ಜಲಪಾತವನ್ನು ನೆನೆಯುತ್ತೇವೆ, ದಿವಾನ ಶೇಷಾದ್ರಿ ಅಯ್ಯರ್ ಅವರನ್ನು ನೆನೆಯುತ್ತೇವೆ. ತಂತಿ ಕಂಬಕ್ಕೆ ತಾಗದಂತೆ ಹಿಡಿದಿಟ್ಟ ಇನ್ಸುಲೇಟರ್ ಮಾತ್ರ ಯಾರ ನೆನಪಿನಲ್ಲೂ ಇಲ್ಲ. ಕೆಟ್ಟಾಗಲಷ್ಟೇ ಅದರ ಹೆಸರು ಕೇಳಿಬರುತ್ತದೆ.

ಇನ್ಸುಲೇಟರಿನ ಹಳೆಯ ವೈರಿ ಒದ್ದೆಯಾದ ದೂಳು. ಒಣ ದೂಳಿನಿಂದ ತೊಂದರೆಯಿಲ್ಲ. ಜೋರು ಮಳೆ ಅದನ್ನು ತೊಳೆದೇ ಬಿಡುತ್ತದೆ. ಮಂಜು, ಇಬ್ಬನಿ, ಜಿಟಿಜಿಟಿ ಹನಿ ಬಿದ್ದಾಗ ದೂಳಿನ ಪದರ ತೇವಗೊಂಡು ವಿದ್ಯುತ್ತಿಗೆ ದಾರಿ ಬಿಡುತ್ತದೆ. ಪಿಂಗಾಣಿಗೆ ಕೊಡೆಯಂಥ ಅಂಚುಗಳನ್ನು ಕೊಟ್ಟದ್ದು ಈ ದಾರಿಯನ್ನು ಉದ್ದ ಮಾಡಲು. 1907ರಲ್ಲಿ ಅಮೆರಿಕದ ಹೆವ್ಲೆಟ್ ಮತ್ತು ಬಕ್ ಬಿಲ್ಲೆಗಳನ್ನು ಸರದಂತೆ ಪೋಣಿಸಿ ತೂಗುಹಾಕುವ ವಿಧಾನ ಕಂಡುಹಿಡಿದರು. ವೋಲ್ಟೇಜ್ ಹೆಚ್ಚಿದಂತೆ ಬಿಲ್ಲೆ ಸೇರಿಸಿದರಾಯಿತು. ಆದರೂ ಪಿಂಗಾಣಿಯ ಮೈಮೇಲೆ ನೀರು ಪೊರೆಯಾಗಿ ಹರಡುವುದು ತಪ್ಪಲಿಲ್ಲ.

1970ರ ದಶಕದಿಂದೀಚೆಗೆ ಬಳಕೆ ಹೆಚ್ಚಿದ ಸಿಲಿಕೋನ್ ರಬ್ಬರು ಇಲ್ಲಿ ಬೇರೆಯೇ ಗುಣ ತೋರಿತು. ಒಳಗೆ ಗಾಜಿನ ನಾರಿನ ಸರಳು, ಮೇಲೆ ರಬ್ಬರಿನ ಹೊದಿಕೆ. ಕೆಸುವಿನೆಲೆಯ ಮೇಲಿನಂತೆ ಇದರ ಮೇಲೂ ನೀರು ಹನಿಹನಿಯಾಗಿಯೇ ನಿಲ್ಲುತ್ತದೆ. ದೂಳು ಕೂತರೆ ರಬ್ಬರಿನೊಳಗಿನ ಹಗುರ ಸಿಲಿಕೋನ್ ಅಣುಗಳು ಮೆಲ್ಲಗೆ ಹೊರಬಂದು ಆ ದೂಳನ್ನೂ ನೀರೊಲ್ಲದ ಹಾಗೆ ಮಾಡುತ್ತವೆ.

ಆದರೆ ಪಿಂಗಾಣಿಯಷ್ಟು ಸುಲಭವಾಗಿ ಬಿಸಿಲನ್ನು ತಡೆಯುವ ಶಕ್ತಿ ರಬ್ಬರಿಗಿಲ್ಲ. ಅದಕ್ಕೆ ಮುಪ್ಪು ಬರುತ್ತದೆ. ಬಿಸಿಲು ಮತ್ತು ಸಣ್ಣ ಕಿಡಿಗಳ ಹೊಡೆತಕ್ಕೆ ಮೈ ಒರಟಾಗಿ, ಸುಣ್ಣದಂಥ ಬಿಳಿ ಪುಡಿ ಏಳುತ್ತದೆ. ಮುಪ್ಪನ್ನು ಅಳೆಯುವ ಒಂದು ಸರಳ ವಿಧಾನ ಸ್ವೀಡನ್ನಿನಿಂದ ಬಂತು: ನೀರು ಚಿಮುಕಿಸಿ, ಅದು ನಿಂತ ರೀತಿ ನೋಡಿ 1ರಿಂದ 7ರವರೆಗೆ ದರ್ಜೆ ಕೊಡುವುದು. ದುಂಡು ಹನಿಗೆ 1, ಪೂರ್ತಿ ಪೊರೆಗೆ 7.

ದುರಸ್ತಿ ನಡೆಯುವುದು ಮೇಲ್ಮೈ ಮಾತ್ರ ಸೋತಾಗ. ತೊಳೆದು, ಒಣಗಿಸಿ, ದ್ರವರೂಪದ ಸಿಲಿಕೋನ್ ಬಳಿಯುತ್ತಾರೆ. ಹೊದಿಕೆ ಸೀಳಿ ಒಳಗಿನ ಸರಳು ಕಾಣಿಸಿದರೆ ಬಳಿದು ಪ್ರಯೋಜನವಿಲ್ಲ. ತೇವ ಒಳಹೊಕ್ಕು, ಕಿಡಿಗಳಿಂದ ಹುಟ್ಟುವ ಆಮ್ಲದೊಂದಿಗೆ ಸೇರಿ ಗಾಜಿನ ನಾರನ್ನು ತಿನ್ನುತ್ತದೆ. ಒಂದು ದಿನ ಸರಳು ಲಟಕ್ಕನೆ ಮುರಿದು ತಂತಿಯೇ ಕೆಳಗೆ ಬೀಳಬಹುದು. ಅಂಥದ್ದನ್ನು ಬದಲಿಸಲೇಬೇಕು. ಹಾಗಾಗಿ ಈ ಕೆಲಸದ ಜಾಣತನ ಬಳಿಯುವುದರಲ್ಲಿಲ್ಲ, ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂದು ಗುರುತಿಸುವುದರಲ್ಲಿದೆ.

ತಂತ್ರಜ್ಞಾನದ ಚರಿತ್ರೆಯನ್ನು ನಾವು ಬಹುಪಾಲು ಉದ್ಘಾಟನೆಗಳ ಸರಮಾಲೆಯಾಗಿ ಬರೆದಿದ್ದೇವೆ. ಆದರೆ 1902ರ ಆ ದಿನದ ಮರುದಿನವೂ ದೀಪ ಉರಿಯಬೇಕಿತ್ತಲ್ಲ? ಆ ಮರುದಿನಗಳ ಚರಿತ್ರೆ ದುರಸ್ತಿಯಲ್ಲಿದೆ. ಅಲ್ಲೊಂದು ಸೋಜಿಗವೂ ಇದೆ: ಬಳಿದ ಆ ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವ ಹೀರಿಕೊಂಡು. ನೂರು ವರ್ಷ ದೂರವಿಡಲು ಹೆಣಗಿದ ನೀರೇ ಕೊನೆಗೆ ಗಾಯ ಮಾಯಿಸಲೂ ಬೇಕಾಯಿತು.