ಗೇಟಿನ ಬುಡದ ಕೆಂಪು ಬಾಟಲಿ: ಅರೆಕೆರೆಯಿಂದ ಒಂದು ಟಿಪ್ಪಣಿ

ಬನ್ನೇರುಘಟ್ಟ ರಸ್ತೆಯ ಅರೆಕೆರೆ ಗೇಟಿನಿಂದ ಒಳಕ್ಕೆ ತಿರುಗಿ ಮೈಕೋ ಲೇಔಟಿನ ಅಡ್ಡರಸ್ತೆಗಳಲ್ಲಿ ನಡೆದವರ ಕಣ್ಣಿಗೆ ಒಂದು ವಸ್ತು ಬಿದ್ದೇ ಇರುತ್ತದೆ. ಮನೆಯ ಗೇಟಿನ ಬುಡದಲ್ಲಿ ಹಳೆಯ ಪ್ಲಾಸ್ಟಿಕ್ ಬಾಟಲಿ, ಬಿಗಿದ ಮುಚ್ಚಳ, ಒಳಗೆ ಕೆಂಪು ಇಲ್ಲವೇ ನೀಲಿ ನೀರು. ಕೆಂಪಿಗೆ ಕುಂಕುಮ, ನೀಲಿಗೆ ಬಟ್ಟೆಗೆ ಹಾಕುವ ಉಜಾಲ. ನಾಯಿ ಬಂದು ಗೇಟಿಗೋ ರಂಗೋಲಿಗೋ ಸ್ಕೂಟರಿನ ಚಕ್ರಕ್ಕೋ ಕಾಲೆತ್ತಬಾರದು ಎಂಬುದಷ್ಟೇ ಉದ್ದೇಶ. ಈ ರೂಢಿ ಜಯನಗರ, ಬನಶಂಕರಿಗಳಲ್ಲೂ ಉಂಟು, ಮೈಸೂರಿನಲ್ಲೂ ಉಂಟು. ಬೀದಿನಾಯಿಯೂ ಹಗ್ಗ ಹಿಡಿಸಿಕೊಂಡು ಬರುವ ಸಾಕುನಾಯಿಯೂ ಒಂದೇ ರಸ್ತೆಯನ್ನು ಹಂಚಿಕೊಂಡಿರುವ ಅರೆಕೆರೆಯಂಥ ಬಡಾವಣೆ ಇದರ ಪರಿಶೀಲನೆಗೆ ತಕ್ಕ ಜಾಗ.

1. ಪ್ರಚಲಿತ ವಾದಗಳು

ಬಾಟಲಿ ಇಟ್ಟವರನ್ನು ಕಾರಣ ಕೇಳಿದರೆ ಸಿಗುವ ಉತ್ತರಗಳನ್ನು ನಾಲ್ಕು ಪಂಥಗಳಾಗಿ ವಿಂಗಡಿಸಬಹುದು. ಕೆಂಪು ನೀರು ರಕ್ತದಂತೆ ಕಂಡು ನಾಯಿ ಹೆದರುತ್ತದೆ ಎನ್ನುವುದು ರಕ್ತಪಂಥ. ನೀಲಿ ಬಿಸಿಲಿಗೆ ಹೊಳೆದು ಕಣ್ಣು ಕುಕ್ಕುತ್ತದೆ ಎನ್ನುವುದು ಹೊಳಪುಪಂಥ. ಬಾಟಲಿಯಲ್ಲಿ ತನ್ನದೇ ಬಿಂಬ ಕಂಡು ಬೇರೆ ನಾಯಿಯೆಂದು ಹಿಂಜರಿಯುತ್ತದೆ ಎನ್ನುವುದು ಬಿಂಬಪಂಥ. ಕುಡಿಯುವ ನೀರಿರುವಲ್ಲಿ ನಾಯಿ ಹೊಲಸು ಮಾಡುವುದಿಲ್ಲ ಎನ್ನುವುದು ನಾಲ್ಕನೆಯದು. ಇದು ನಾಯಿಯ ಸಂಸ್ಕಾರದ ಬಗ್ಗೆ ಅತ್ಯಂತ ಗೌರವವುಳ್ಳ ಪಂಥ.

2. ಪರಿಶೀಲನೆ

ನಾಯಿಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಎರಡೇ ಬಗೆಯವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೇ ನೈಟ್ಜ್, ತಿಮೋತಿ ಗೀಸ್ಟ್ ಮತ್ತು ಜೆರಾಲ್ಡ್ ಜೇಕಬ್ಸ್ 1989ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು: ಒಂದು ಬಗೆ ಸುಮಾರು 429 ನ್ಯಾನೋಮೀಟರಿನ ಬೆಳಕಿಗೆ, ಇನ್ನೊಂದು ಸುಮಾರು 555 ನ್ಯಾನೋಮೀಟರಿನ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ. ಅಂದರೆ ನಾಯಿಗೆ ನೀಲಿಯೂ ಹಳದಿಯೂ ಚೆನ್ನಾಗಿ ಬೇರೆಬೇರೆಯಾಗಿ ಕಾಣುತ್ತವೆ. ಕೆಂಪು ಮಾತ್ರ ಮಾಸಿದ ಕಂದಿನಂತೆ ಕಂಡೀತು. ರಕ್ತಪಂಥಕ್ಕೆ ಇದು ದೊಡ್ಡ ಪೆಟ್ಟು. ಕಂಡರೂ ಹೆದರಬೇಕಾದ ಕಾರಣವಿಲ್ಲ ಎಂಬುದಕ್ಕೆ ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ಮುಂದೆ ಶಿಸ್ತಾಗಿ ಕೂತಿರುವ ನಾಯಿಗಳೇ ಸಾಕ್ಷಿ. ನೀಲಿಯವರ ಸ್ಥಿತಿ ತುಸು ವಾಸಿ: ಅವರ ಬಾಟಲಿ ನಾಯಿಯ ಕಣ್ಣಿಗೆ ಬೀಳುವುದಂತೂ ಖಚಿತ. ಬಿದ್ದಮೇಲೆ ಅದು ಓಡಿಹೋಗಬೇಕೇಕೆ ಎಂಬುದು ಮಾತ್ರ ಉಳಿಯುತ್ತದೆ. ಬಿಂಬವೇ ಕಾರಣವಾಗಿದ್ದರೆ, ತಿಕ್ಕಿ ಹೊಳಪಿಸಿದ ಕಾರಿನ ಚಕ್ರದ ಬಳಿ ನಾಯಿ ಸುಳಿಯಲೇಬಾರದಿತ್ತು.

ನಾಲ್ಕೂ ಪಂಥಗಳು ಸಮಾನವಾಗಿ ಮರೆತಿರುವುದು ಮೂಗನ್ನು. ನಾಯಿ ಕಾಲೆತ್ತುವುದು ಬಹುಪಾಲು ಗುರುತು ಹಾಕುವುದಕ್ಕೆ. ಹಿಂದೆ ಬಂದವನು ಬಿಟ್ಟುಹೋದ ವಾಸನೆಗೆ ಉತ್ತರ ಬರೆಯುವುದಕ್ಕೆ. ಮೂಗಿನೆತ್ತರದಲ್ಲಿ ನೆಟ್ಟಗೆ ನಿಂತ ಯಾವ ವಸ್ತುವೂ ಅದಕ್ಕೆ ಆಗುತ್ತದೆ. ಮುಚ್ಚಳ ಬಿಗಿದ ಬಾಟಲಿಗೆ ವಾಸನೆಯಿಲ್ಲ, ಆದರೆ ಅದು ನೆಟ್ಟಗೆ ನಿಂತಿದೆ. ತರ್ಕಕ್ಕೆ ನಿಷ್ಠರಾದರೆ ಅದನ್ನು ನಾಯಿಗೆ ಕೊಟ್ಟ ಇನ್ನೊಂದು ಕಂಬವೆಂದೇ ಹೇಳಬೇಕಾಗುತ್ತದೆ.

3. ಆದರೂ ಫಲ ಕಂಡದ್ದು ಹೇಗೆ?

ಇಟ್ಟಮೇಲೆ ನಾಯಿ ಬರುವುದು ಕಡಿಮೆಯಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಬಾಟಲಿ ಇಡುವ ದಿನ ಗೇಟನ್ನೂ ಫಿನಾಯಿಲ್ ಹಾಕಿ ತೊಳೆಯುವವರೇ ಹೆಚ್ಚು. ಹಳೆಯ ವಾಸನೆ ಹೋದರೆ ಉತ್ತರ ಬರೆಯುವ ಅಗತ್ಯವೂ ಕಡಿಮೆ. ಎರಡನೆಯ ಕಾರಣ ಇನ್ನೂ ದೊಡ್ಡದು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸಮೀಕ್ಷೆಗಳ ಪ್ರಕಾರ 2019ರಲ್ಲಿ ಸುಮಾರು 3.1 ಲಕ್ಷವಿದ್ದ ಬೀದಿನಾಯಿಗಳು 2023ಕ್ಕೆ ಸುಮಾರು 2.79 ಲಕ್ಷಕ್ಕೆ ಇಳಿದವು. ಸಂತಾನಹರಣ ಶಸ್ತ್ರಚಿಕಿತ್ಸೆಯಾದವುಗಳ ಪಾಲು ಅರ್ಧದ ಆಸುಪಾಸಿನಿಂದ ಶೇಕಡ 70ನ್ನು ದಾಟಿತು. ಶಸ್ತ್ರಚಿಕಿತ್ಸೆಯಾದ ಗಂಡುನಾಯಿ ಗುರುತು ಹಾಕುವುದು ಸಾಮಾನ್ಯವಾಗಿ ಕಡಿಮೆ. ಶಸ್ತ್ರಚಿಕಿತ್ಸೆಯ ಗುರುತಾಗಿ ಕಿವಿಯ ತುದಿ ಕತ್ತರಿಸಿದ ನಾಯಿಯೊಂದು ಬಾಟಲಿಯ ಮುಂದೆ ಸುಮ್ಮನೆ ಹಾದುಹೋದರೆ, ಪಶುವೈದ್ಯರ ಕತ್ತರಿಗೆ ಸಲ್ಲಬೇಕಾದ ಪುಣ್ಯ ಕುಂಕುಮದ ನೀರಿಗೆ ಜಮೆಯಾಗುತ್ತದೆ.

ಕಾಕತಾಳೀಯವನ್ನು ಕಾರಣವೆಂದು ತಿಳಿಯುವುದು ಮನುಷ್ಯರಿಗಷ್ಟೇ ಮೀಸಲಲ್ಲ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1948ರಲ್ಲಿ ಪಾರಿವಾಳಗಳಿಗೆ ಅವು ಏನೇ ಮಾಡಲಿ, ಬಿಡಲಿ, ಗೊತ್ತಾದ ಅಂತರದಲ್ಲಿ ಕಾಳು ಬೀಳುವಂತೆ ಮಾಡಿದರು. ಕಾಳು ಬಿದ್ದಾಗ ತಾನು ಏನು ಮಾಡುತ್ತಿತ್ತೋ ಅದನ್ನೇ ಪ್ರತಿ ಪಾರಿವಾಳವೂ ಮತ್ತೆಮತ್ತೆ ಮಾಡತೊಡಗಿತು. ಒಂದು ಸುತ್ತು ಹಾಕಿತು, ಇನ್ನೊಂದು ತಲೆ ತೂಗಿತು. ಅವುಗಳ ಕೈಗೆ ಬಾಟಲಿ ಸಿಕ್ಕಿರಲಿಲ್ಲ, ಅಷ್ಟೇ.

4. ಬಂಧುಬಳಗ

ಹೊಸ ಕಟ್ಟಡದ ದೃಷ್ಟಿಬೊಂಬೆ, ಬಾಗಿಲ ಮೇಲಿನ ಬೂದುಗುಂಬಳ ಬಾಟಲಿಯ ದೂರದ ನೆಂಟರು. ಹತ್ತಿರದ ನೆಂಟನೆಂದರೆ 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ಕಾಣಿಸಿಕೊಂಡ ‘ನಾಳೆ ಬಾ’. ಅದು ಕನ್ನಡ ಓದಬಲ್ಲ, ಕೊಟ್ಟ ಮಾತಿಗೆ ಬೆಲೆ ಕೊಡುವ ದೆವ್ವವನ್ನು ನಂಬಿಕೊಂಡಿತ್ತು. ಬಾಟಲಿ ಬಣ್ಣಶಾಸ್ತ್ರ ಬಲ್ಲ ನಾಯಿಯನ್ನು ನಂಬಿಕೊಂಡಿದೆ. ಆದರೆ ಬಾಟಲಿಗೆ ಮಂತ್ರವಿಲ್ಲ, ಪುರೋಹಿತರಿಲ್ಲ, ಆಯುಧಪೂಜೆಯಲ್ಲೂ ಅದಕ್ಕೊಂದು ಹೂವಿಲ್ಲ. ಅದನ್ನು ಇಟ್ಟವರು ತಾವು ವಿಜ್ಞಾನ ಮಾಡುತ್ತಿದ್ದೇವೆಂದೇ ತಿಳಿದಿದ್ದಾರೆ. ಕುಲಪತಿ ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದಾಗ ಪ್ಲಾಸ್ಟಿಕ್ ನೀರಿನ ಬಾಟಲಿ ಇನ್ನೂ ಬೀದಿಬೀದಿಗೆ ಬಂದಿರಲಿಲ್ಲ. ಬಂದಿದ್ದರೂ ಕರೆಸಿ ವಿಚಾರಿಸಲು ಬಾಬಾಗಳಾರೂ ಸಿಗುತ್ತಿರಲಿಲ್ಲ. ಜಪಾನಿನಲ್ಲಿ ಬರಿಯ ನೀರು ತುಂಬಿದ ಇದೇ ಬಾಟಲಿ ಬೆಕ್ಕನ್ನು ಓಡಿಸಲು ನಿಯುಕ್ತವಾಗಿದೆ. ಅದು ಬಿಸಿಲನ್ನು ಮಸೂರದಂತೆ ಒಟ್ಟುಗೂಡಿಸಿ ಬೆಂಕಿ ಹೊತ್ತಿಸೀತೆಂದು ಅಲ್ಲಿನ ಅಗ್ನಿಶಾಮಕ ಇಲಾಖೆಗಳು ಎಚ್ಚರಿಸಿವೆ. ಬೆಕ್ಕುಗಳು ಎಚ್ಚೆತ್ತ ವರದಿಯಿಲ್ಲ.

5. ಫಲಿತಾಂಶ

ಬಾಟಲಿ ಕೆಲಸ ಮಾಡುತ್ತದೆ, ಆದರೆ ನಾಯಿಯ ಮೇಲಲ್ಲ ಎಂಬುದು ಈ ಟಿಪ್ಪಣಿಯ ಮಂಡನೆ. ಹಗ್ಗದ ಈ ತುದಿಯಲ್ಲಿರುವವರು ಅದನ್ನು ಓದುತ್ತಾರೆ. ‘ನಿಮ್ಮ ನಾಯೀನ ಇಲ್ಲಿ ನಿಲ್ಲಿಸಬೇಡಿ ಸಾರ್’ ಎಂದು ದಿನಾ ಮುಖ ನೋಡುವ ನೆರೆಯವರಿಗೆ ಹೇಳುವುದು ಕಷ್ಟ. ಬಾಟಲಿ ಆ ಮಾತನ್ನು ಮನಸ್ತಾಪವಿಲ್ಲದೆ ಹೇಳಿಬಿಡುತ್ತದೆ. ಸಾಕುನಾಯಿಯವರು ಹಗ್ಗ ಎಳೆದುಕೊಂಡು ಮುಂದಿನ ಗೇಟಿಗೆ ಹೋಗುತ್ತಾರೆ. ಬಾಟಲಿ ಹಬ್ಬುವ ಬಗೆಯೂ ಇದರಿಂದಲೇ ತಿಳಿಯುತ್ತದೆ. ಪಕ್ಕದ ಮನೆಯಲ್ಲಿ ಬಾಟಲಿ ಬಂತೆಂದರೆ ನಾಯಿಯ ಸರದಿ ಇನ್ನು ನಮ್ಮದು ಎಂದು ಎಲ್ಲರಿಗೂ ಅನ್ನಿಸುತ್ತದೆ, ಸಂಜೆಯೊಳಗೆ ಕುಂಕುಮ ಕದಡಲಾಗುತ್ತದೆ.

ಖಚಿತ ತೀರ್ಮಾನಕ್ಕೆ ಪ್ರಯೋಗ ಬೇಕು: ಒಂದೇ ಅಡ್ಡರಸ್ತೆಯಲ್ಲಿ ಒಂದು ಮನೆಗೆ ಬಾಟಲಿ, ಮುಂದಿನದಕ್ಕೆ ಇಲ್ಲ, ಹೀಗೆ ಸಾಲಾಗಿ, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ. ವಿಧಾನ ಸರಳ, ಖರ್ಚು ಅಲ್ಪ. ಬಾಟಲಿಯನ್ನು ನಂಬದವರು ಕೂಡ ‘ಇಲ್ಲ’ದ ಮನೆಯಾಗಲು ಒಪ್ಪುವುದಿಲ್ಲ ಎಂಬುದೊಂದೇ ತೊಡಕು.